ಆರೋಗ್ಯವಂತರ ಸಾಲು

ಮಾರ್ಚ್ 2

ಅಕ್ಕಾ,

ಪಾರಿವಾಳಗಳನ್ನು ಹೋದ ತಿಂಗಳೇ ಕಳಿಸಿಬಿಟ್ಟೆವು. ಹೇಳಿದರೆ ಬೇರೆ ಏನಾದರೂ ಶುರು ಮಾಡುತ್ತೀಯ ಅಂತ ಸುಮ್ಮನಿದ್ದೆ. ಒಬ್ಬ ಬಂದು ಬುಟ್ಟಿಗಳಲ್ಲಿ ತುಂಬಿಕೊಂಡು ಹೋದ. ನನ್ನ ಹೆಂಡತಿ ತಾರಸಿಯ ಮೇಲೆ ಖಾಲಿ ಗೂಡಿನ ಮುಂದೆ ಕೂತವಳು ಕತ್ತಲಾದರೂ ಇಳಿದು ಬರಲಿಲ್ಲ. "ನಿಮ್ಮ ಎದೆಗಿಂತ ಹೆಚ್ಚಾ ಅವು? ಹೋಗ್ಲಿ ಬಿಡಿ" ಅಂದಳು. ಹಾಗನ್ನುವಾಗ ನನ್ನ ಮುಖ ಮಾತ್ರ ನೋಡಲಿಲ್ಲ.

ಹಕ್ಕಿಯ ಪುಕ್ಕ, ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಆಗಿಬರುವುದಿಲ್ಲ, ಅವು ಹೋದರೆ ಕೆಮ್ಮೂ ಹೋಗುತ್ತದೆ ಎಂದಿದ್ದರು ಇಲ್ಲಿನ ಡಾಕ್ಟರು. ಹಕ್ಕಿಗಳು ಹೋದವು, ಕೆಮ್ಮು ಮನೆಯಳಿಯನ ಹಾಗೆ ಕಾಲು ಚಾಚಿಕೊಂಡು ಕೂತಿದೆ. ನಾನೂ ಮನೆಯಳಿಯನೇ ಆದ್ದರಿಂದ ಈ ಮಾತು ಹೇಳುವ ಹಕ್ಕು ನನಗಿದೆ. ಸದ್ಯ ರಜೆಯಲ್ಲಿದ್ದೇನೆ. ವರ್ಕ್‌ಶಾಪಿಗೆ ಮೇ ತಿಂಗಳವರೆಗೂ ಬರಬೇಡ ಎಂದು ಮಾವನವರೇ ಹೇಳಿದ್ದಾರೆ.

ಫೋನ್ ಮಾಡಬೇಡ. ಕೆಳಗಿನ ಮನೆಯಲ್ಲಿ ಮಾವ, ಮೇಲೆ ನಾವು. ಫೋನ್ ಬಂದರೆ ಎಲ್ಲರೂ ಕಿವಿ ನಿಮಿರಿಸಿ ಕೂರುತ್ತಾರೆ. ಅದೂ ಅಲ್ಲದೆ ಹೋದ ಸಲ ನಾನು ಕೆಮ್ಮಿದಾಗ ಆ ಕಡೆಯಿಂದ ನೀನೂ ಕೆಮ್ಮಿದೆ. ಚಿಕ್ಕಂದಿನಿಂದ ಅಣಕಿಸುವುದು ನಿನ್ನ ಚಾಳಿ, ಆದರೆ ಈಗ ನಗು ಬರಲಿಲ್ಲ.

ವರ್ಕ್‌ಶಾಪಿನ ಬಗ್ಗೆ ಶುರು ಮಾಡಬೇಡ, ಅದೊಂದು ಕೇಳಿಕೊಳ್ಳುತ್ತೇನೆ.

ನಿನ್ನ ಗುಂಡ


ಮಾರ್ಚ್ 9

ಗುಂಡ,

ವರ್ಕ್‌ಶಾಪಿನ ಬಗ್ಗೆಯೇ ಶುರು ಮಾಡುತ್ತಿದ್ದೇನೆ.

ಅಲ್ಲಿ ನೀನು ಉಜ್ಜುವುದು ಯಾವ ಲೋಹ? "ಸ್ಪ್ರಿಂಗ್ ಮಾಡ್ತೀವಿ" ಎಂದು ಹೇಳಿ ನನ್ನ ಬಾಯಿ ಮುಚ್ಚಿಸಬೇಡ. ಯಾವ ಲೋಹದ ಸ್ಪ್ರಿಂಗು? ಪುಡಿ ಹಾರುವಾಗ ಮೂಗಿಗೆ ಏನು ಕಟ್ಟಿಕೊಳ್ಳುತ್ತೀಯ? ಹಕ್ಕಿಗಳ ಮೇಲೆ ತಪ್ಪು ಹೊರಿಸುವುದು ಸುಲಭ, ಅವು ಎದುರು ಮಾತಾಡುವುದಿಲ್ಲ. ಆ ಡಾಕ್ಟರ ಹತ್ತಿರ ನಿನ್ನನ್ನು ಕರೆದುಕೊಂಡು ಹೋದವರು ಯಾರು? ನಿನ್ನ ಮಾವ ತಾನೇ? ನಮ್ಮಪ್ಪ ಅದೇ ವರ್ಕ್‌ಶಾಪಿನಲ್ಲಿ ಆಯುಸ್ಸು ಕಳೆದು ಕೆಮ್ಮಿ ಕೆಮ್ಮಿ ಹೋದಾಗ, "ಇದು ಕ್ಷಯ" ಎಂದು ಮೊದಲು ಹೇಳಿದ್ದು ಡಾಕ್ಟರಲ್ಲ, ಅಲ್ಲಿನ ಯಜಮಾನರು. ಅಂದರೆ ಈಗಿನ ನಿನ್ನ ಮಾವ. ನಾನು ಮರೆತಿಲ್ಲ.

ನನ್ನ ಕೆಲಸ ಏನೆಂದು ಇಷ್ಟು ವರ್ಷ ಕೇಳಿದೆ, ಒಂದು ದಿನವೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಕೇಳು. ರಕ್ತದಲ್ಲಿ ಟಿ ಕೋಶಗಳು ಅಂತ ಇರುತ್ತವೆ. ಮೈಯೊಳಗೆ ಬಂದ ಪರಕೀಯ ವಸ್ತುವನ್ನು ಗುರುತು ಹಿಡಿಯುವುದು ಅವುಗಳ ಕೆಲಸ. ಒಂದು ಕೋಶಕ್ಕೆ ಎಲ್ಲವೂ ಗೊತ್ತಿರಬೇಕಾಗಿಲ್ಲ, ತನ್ನ ಒಬ್ಬ ಶತ್ರು ಗೊತ್ತಿದ್ದರೆ ಸಾಕು. ಒಮ್ಮೆ ಹಗೆ ಕಟ್ಟಿತೋ, ಮುಗಿಯಿತು. ಎಷ್ಟು ವರ್ಷವಾದರೂ ಬಿಡುವುದಿಲ್ಲ. ಥೇಟ್ ನನ್ನ ಹಾಗೆ. ಯಾರ ಕೋಶ ಯಾವುದರ ಮೇಲೆ ಹಗೆ ಕಟ್ಟಿದೆ ಎಂದು ಪತ್ತೆ ಹಚ್ಚುವುದು ನಮ್ಮ ಲ್ಯಾಬಿನ ಕಸುಬು.

ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಲುಸಾಲಾಗಿ ಸಣ್ಣ ಗುಳಿಗಳಿರುತ್ತವೆ. ನಿನ್ನ ರಕ್ತದಿಂದ ಈ ಕೋಶಗಳನ್ನು ಬೇರೆ ಮಾಡಿ ಪ್ರತಿ ಗುಳಿಗೂ ಹಾಕುತ್ತೇನೆ. ಆಮೇಲೆ ಒಂದೊಂದು ಗುಳಿಗೆ ಒಬ್ಬೊಬ್ಬ ಶಂಕಿತನನ್ನು ಬಿಡುತ್ತೇನೆ: ಒಂದಕ್ಕೆ ಪಾರಿವಾಳದ ಅಂಶ, ಒಂದಕ್ಕೆ ತಾಮ್ರದ ಉಪ್ಪು, ಹೀಗೆ. ಶತ್ರುವನ್ನು ಕಂಡ ಕೋಶ ಒಂದು ರಸ ಉಗುಳುತ್ತದೆ. ಬಣ್ಣ ಹಾಕಿ ತೊಳೆದರೆ ಉಗುಳಿದ ಜಾಗದಲ್ಲಿ ನೀಲಿ ಚುಕ್ಕೆ ಮೂಡುತ್ತದೆ. ಯಾರನ್ನೂ ಗುರುತಿಸದಿದ್ದರೆ ಗುಳಿ ಬೆಳ್ಳಗೇ ಉಳಿಯುತ್ತದೆ. ಚುಕ್ಕೆಗೆ ಮಾವನೂ ಇಲ್ಲ, ಅಳಿಯನೂ ಇಲ್ಲ. ಲೋಹಗಳಿಗೆ ಈ ಪರೀಕ್ಷೆ ನಮ್ಮಲ್ಲಿ ಈಗಷ್ಟೇ ಶುರುವಾಗುತ್ತಿದೆ. ನಮ್ಮ ಮುಖ್ಯಸ್ಥರ ಒಪ್ಪಿಗೆ ಕೇಳಿ ಪಡೆದಿದ್ದೇನೆ.

ಡಬ್ಬಿಯಲ್ಲಿ ಟ್ಯೂಬುಗಳನ್ನು ಕಳಿಸಿದ್ದೇನೆ. ಯಾವುದಾದರೂ ಆಸ್ಪತ್ರೆಯಲ್ಲಿ ರಕ್ತ ತೆಗೆಸಿ ಅದೇ ದಿನ ಕೊರಿಯರಿಗೆ ಕೊಡು. ನಿನ್ನ ಮಾತು ಬೇಡ, ರಕ್ತ ಕಳಿಸು.

ಮೂರನೆಯ ಮಹಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಲಿಫ್ಟ್ ಕೆಟ್ಟು ಎರಡು ವಾರವಾಯಿತು, ನಡುವೆ ಒಂದು ಕಡೆ ಕೂತು ಸುಧಾರಿಸಿಕೊಂಡೇ ಹತ್ತಬೇಕು. ವಯಸ್ಸಾಯಿತು ನೋಡು.

ಅಕ್ಕ


ಮಾರ್ಚ್ 20

ಅಕ್ಕಾ,

ಈ ಪತ್ರದ ಹಿಂದೆಯೇ ಡಬ್ಬಿ ಬರುತ್ತದೆ, ಅಥವಾ ಅದೇ ಮುಂಚೆ ಬಂದಿರುತ್ತದೆ. ರಕ್ತ ತೆಗೆದ ನರ್ಸು "ಯಾರಿಗೆ ಇಷ್ಟೊಂದು?" ಎಂದರು. "ನಮ್ಮಕ್ಕನಿಗೆ. ಚಿಕ್ಕವನಿದ್ದಾಗಿಂದ ಕುಡೀತಾ ಇದಾಳೆ, ಇನ್ನೂ ದಾಹ ತೀರಿಲ್ಲ" ಎಂದೆ.

ನಿನ್ನ ಪ್ರಶ್ನೆಗೆ ಉತ್ತರ: ತಾಮ್ರ. ತಾಮ್ರದ ಪಟ್ಟಿ ಕತ್ತರಿಸುತ್ತೇವೆ, ಬಗ್ಗಿಸುತ್ತೇವೆ, ಅಂಚು ಉಜ್ಜುತ್ತೇವೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ, ನೆನಪಾದಾಗ. ತಾಮ್ರದ ಪಾತ್ರೆಯಲ್ಲಿ ನೀರು ಕುಡಿದರೆ ಒಳ್ಳೆಯದೆಂದು ನೀನೇ ಒಂದು ಕಾಲದಲ್ಲಿ ತಲೆ ತಿಂದಿದ್ದೆ.

ಮಾವನವರನ್ನು ಆಡಿಕೊಳ್ಳುವುದು ನಿಲ್ಲಿಸು. ಅಪ್ಪ ಹೋದ ಮೇಲೆ ನನಗೆ ಕೆಲಸ ಕಲಿಸಿದವರು, ಮಗಳನ್ನು ಕೊಟ್ಟವರು. ನೀನು ಊರು ಬಿಟ್ಟು ಹೋಗಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಅಂದಿನಿಂದ ನಿನಗೆ ಮನುಷ್ಯರೆಲ್ಲ ರೋಗಾಣುಗಳ ಹಾಗೆ ಕಾಣುತ್ತಾರೆ. ನಾನು ಈ ಮನೆಗೆ ಅಳಿಯನಾಗಿ ಬಂದದ್ದು ನಿನಗೆ ಮೊದಲಿನಿಂದಲೂ ಸರಿಬಂದಿಲ್ಲ. ಈ ರಕ್ತಪರೀಕ್ಷೆಯ ಹಿಂದೆ ಅದೂ ಒಂದು ಚೂರು ಇದೆಯೇನೋ ಎಂದು ನನ್ನ ಗುಮಾನಿ. ಇಲ್ಲ ಎಂದು ಬರೆ, ನಂಬಲು ಪ್ರಯತ್ನಿಸುತ್ತೇನೆ.

ಮಗಳು ಪುಟ್ಟಿ ಚೆನ್ನಾಗಿದ್ದಾಳೆ. "ಅತ್ತೆ ನನ್ನ ರಕ್ತ ಕೇಳಲ್ವಾ?" ಎಂದು ಬೆರಳು ತೋರಿಸುತ್ತಾಳೆ.

ಗುಂಡ


ಮಾರ್ಚ್ 27

ಗುಂಡ,

ನಿನ್ನ ಕೋಶಗಳು ಸತ್ತು ಬಂದಿವೆ.

ಡಬ್ಬಿ ಬಿಚ್ಚಿದರೆ ಟ್ಯೂಬುಗಳ ಸುತ್ತ ಐಸ್ ಪ್ಯಾಕು, ನೀರು ಸೋರಿ ಎಲ್ಲ ತೊಪ್ಪೆ. ಟಿ ಕೋಶ ಇರುವ ರಕ್ತವನ್ನು ಐಸಿನಲ್ಲಿ ಇಡಬಾರದು, ಕೋಣೆಯ ಬಿಸಿಗೇ ಇರಬೇಕು. ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಆದರೂ ಐಸು ಬಂತು. ಬೇಕಾದಷ್ಟು ಕೋಶ ಉಳಿದಿಲ್ಲ, ಉಳಿದವು ಮುಟ್ಟಿದರೆ ಒಡೆಯುತ್ತವೆ. ಒಂದು ತಟ್ಟೆಗೂ ಸಾಲದು.

ಯಾರು ಹಾಕಿದ್ದು ಐಸು? ನೀನಂತೂ ಅಲ್ಲ, ನೀನು ಇಷ್ಟು ಮುತುವರ್ಜಿಯಿಂದ ಏನನ್ನೂ ಕಟ್ಟುವವನಲ್ಲ. ಡಬ್ಬಿಯ ಹೊರಗಿನ ವಿಳಾಸ ನಿನ್ನ ಮಾವನ ಕೈಬರಹದಲ್ಲಿದೆ. ನೇರವಾಗಿ ಕೇಳುತ್ತೇನೆ: ಈ ರಕ್ತ ನನ್ನ ಕೈಗೆ ಸರಿಯಾಗಿ ತಲುಪಬಾರದು ಎಂದು ಬಯಸುವವರು ಆ ಮನೆಯಲ್ಲಿ ಯಾರು? ಅವರಿಗೆ ಏನೂ ಗೊತ್ತಿಲ್ಲದಿದ್ದರೆ ಭಯ ಯಾಕೆ?

ಮತ್ತೆ ಟ್ಯೂಬು ಕಳಿಸಿದ್ದೇನೆ. ಈ ಸಲ ನೀನೇ ಕಟ್ಟು. ಬೇರೆ ಯಾರ ಕೈಯೂ ತಾಗಬಾರದು.

ಅಕ್ಕ


ಏಪ್ರಿಲ್ 5

ಅಕ್ಕಾ,

ಐಸು ಹಾಕಿದ್ದು ನನ್ನ ಹೆಂಡತಿ.

ಬೇಸಿಗೆ, ಹಾಲೇ ಮಧ್ಯಾಹ್ನಕ್ಕೆ ಒಡೆದುಹೋಗುತ್ತದೆ, ಇನ್ನು ಗಂಡನ ರಕ್ತ ಅಷ್ಟು ದೂರ ಹೋಗಬೇಕಲ್ಲ ಎಂದು ಅವಳು ಪಕ್ಕದ ಮೆಡಿಕಲ್ ಅಂಗಡಿಯಿಂದ ಕೇಳಿ ತಂದ ಐಸು ಅದು. ನಿನ್ನ ದಪ್ಪ ಅಕ್ಷರ ಮುಚ್ಚಳದ ಒಳಮೈ ಮೇಲಿತ್ತು, ಮುಚ್ಚಿದ ಮೇಲೆ ಯಾರು ಓದುತ್ತಾರೆ? ನಿನ್ನ ಪತ್ರವನ್ನು ಅವಳೂ ಓದಿದಳು. ನಾನು ಬಚ್ಚಿಡಲಿಲ್ಲ, ನಾವು ಗಂಡ ಹೆಂಡತಿ ಪತ್ರ ಬಚ್ಚಿಡುವವರಲ್ಲ. "ಅತ್ತಿಗೆ ನನ್ನಪ್ಪನ್ನ ಕೊಲೆಗಾರ ಅಂತಿದಾರಾ?" ಎಂದು ಕೇಳಿದಳು. ಹಕ್ಕಿಗಳು ಹೋದಾಗ ಅಳದವಳು ಅವತ್ತು ಅತ್ತಳು. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಈ ಪತ್ರವನ್ನು ಮೂರು ಸಲ ಹರಿದು ಬರೆದಿದ್ದೇನೆ.

ವಿಳಾಸ ಮಾವನವರು ಬರೆದದ್ದು ನಿಜ. ಅವರ ಅಕ್ಷರ ಚೆನ್ನಾಗಿದೆ, ನನ್ನದು ಕೋಳಿ ಕೆದರಿದ ಹಾಗಿದೆ. ಅದರಲ್ಲೂ ಪಿತೂರಿ ಕಂಡುಬಿಟ್ಟೆ.

ಹೊಸ ಟ್ಯೂಬು ತುಂಬಿಸಿ ನಾನೇ ಕಟ್ಟಿ ಕಳಿಸಿದ್ದೇನೆ. ಇದು ಕೊನೆಯ ಸಲ.

ಗುಂಡ


ಏಪ್ರಿಲ್ 18

ಗುಂಡ,

ನಿನ್ನ ಹೆಂಡತಿಗೆ ನನ್ನದು ತಪ್ಪಾಯಿತು ಎಂದು ಹೇಳು. ಬೇರೆ ಕಾಗದದಲ್ಲಿ ಅವಳಿಗೂ ಎರಡು ಸಾಲು ಬರೆದಿದ್ದೇನೆ, ಕೊಡು.

ಈ ಸಲ ಕೋಶಗಳು ಜೀವಂತವಾಗಿ ಬಂದವು. ತಟ್ಟೆ ಹಾಕಿದೆ. ಪಾರಿವಾಳದ ಗುಳಿಗಳು ಬೆಳ್ಳಗಿವೆ. ಹಕ್ಕಿಗಳು ನಿರಪರಾಧಿಗಳು. ತಾಮ್ರದ ಗುಳಿಗಳೂ ಬೆಳ್ಳಗಿವೆ.

ಇನ್ನೊಂದು ಗುಳಿಯಲ್ಲಿ ಚುಕ್ಕೆಗಳಿವೆ. ಅದು ಯಾವುದೆಂದು ಈಗ ಹೇಳುವುದಿಲ್ಲ. ತಟ್ಟೆಯಲ್ಲಿ ಬೇರೆಲ್ಲೋ ಏನೋ ಎಡವಟ್ಟಾಗಿದೆ, ಅದು ಸರಿಯಾಗದೆ ಯಾವ ಚುಕ್ಕೆಯನ್ನೂ ನಂಬುವ ಹಾಗಿಲ್ಲ. ನಿನ್ನ ಕೋಶಗಳನ್ನು ಸ್ವಲ್ಪ ಘನೀಕರಿಸಿ ಇಟ್ಟಿದ್ದೇನೆ, ಮತ್ತೆ ಮಾಡುತ್ತೇನೆ. (ಅದು ಬೇರೆ ವಿಧಾನ, ಐಸಿನ ಡಬ್ಬಿಯಲ್ಲ. ಮನೆಯಲ್ಲಿ ಪ್ರಯತ್ನಿಸಬೇಡಿ.) ಅಲ್ಲಿಯವರೆಗೆ ಹೆಚ್ಚು ಕೇಳಬೇಡ.

ನೀನು ಮಾತ್ರ ಒಂದು ಹೇಳು. ಬರೀ ತಾಮ್ರವೇನಾ?

ಅಕ್ಕ


ಏಪ್ರಿಲ್ 26

ಅಕ್ಕಾ,

"ಹೇಳುವುದಿಲ್ಲ, ಕೇಳಬೇಡ" ಎನ್ನುವುದು ಯಾವ ನ್ಯಾಯ? ನಮ್ಮ ಮನೆಯಲ್ಲಿ ಐಸು ಸಿಕ್ಕರೆ ಸಂಚು, ನಿನ್ನ ಲ್ಯಾಬಿನಲ್ಲಿ ಎಡವಟ್ಟಾದರೆ ವಿಜ್ಞಾನ. ನಿನಗೆ ಬೇಕಾದ ಉತ್ತರ ಬರುವವರೆಗೂ ಮತ್ತೆ ಮತ್ತೆ ಮಾಡುತ್ತೀಯ ಎಂದು ನನಗೆ ಅನುಮಾನ.

ಸರಿ, ಕೇಳಿದ್ದಕ್ಕೆ ಹೇಳುತ್ತೇನೆ. ಬರೀ ತಾಮ್ರವಲ್ಲ. ಬರೀ ತಾಮ್ರದ ಸ್ಪ್ರಿಂಗು ಬಗ್ಗಿದರೆ ಬಗ್ಗಿದ ಹಾಗೇ ಇರುತ್ತದೆ, ವಾಪಸ್ ನೆಗೆಯುವುದಿಲ್ಲ. ಗಟ್ಟಿ ಬರಲೆಂದು ಅದಕ್ಕೆ ಬೆರಿಲಿಯಂ ಎಂಬ ಲೋಹ ಒಂದು ಚೂರು ಬೆರೆಸಿರುತ್ತಾರೆ, ನೂರಕ್ಕೆ ಎರಡು ಪಾಲಿನಷ್ಟು. ಪಟ್ಟಿ ಬೆರೆಸಿಕೊಂಡೇ ಬರುತ್ತದೆ, ನಾವು ಉಜ್ಜುತ್ತೇವೆ ಅಷ್ಟೇ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ಮಾವನ ಮೇಲೆ ಬೀಳುತ್ತಿದ್ದೆ.

ಆದರೆ ಸ್ವಲ್ಪ ತಲೆ ಓಡಿಸು. ಆ ಪುಡಿ ಕೆಟ್ಟದ್ದಾಗಿದ್ದರೆ ಮೊದಲು ಹೋಗಬೇಕಾಗಿದ್ದವಳು ನೀನು. ಅಪ್ಪ ಕೆಲಸದಿಂದ ಬಂದ ಕೂಡಲೇ ಅಂಗಿ ಕಿತ್ತುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಪಟಪಟ ಕೊಡವುತ್ತಿದ್ದವಳು ಯಾರು? ಅಮ್ಮನಿಗೆ ಬೆನ್ನುನೋವು, ಬಟ್ಟೆಯೆಲ್ಲ ನಿನ್ನ ಪಾಲಿಗೆ. ಸಂಜೆಯ ಬಿಸಿಲಲ್ಲಿ ಪುಡಿ ಮಿರಮಿರ ಹಾರುತ್ತಿತ್ತು. "ಚಿನ್ನದ ಪುಡಿ ಕಣೋ, ಬಾರೋ" ಎಂದು ನನ್ನ ತಲೆಗೂ ಉದುರಿಸುತ್ತಿದ್ದೆ. ನೀನು ಓದಲು ಊರು ಬಿಡುವವರೆಗೂ ದಿನಾ ಅದೇ ಆಟ. ನಿನಗೇನಾಗಿದೆ ಹೇಳು? ಕಲ್ಲುಗುಂಡಿನ ಹಾಗಿದ್ದೀಯ. ಅಪ್ಪ ಹೋದದ್ದು ಕ್ಷಯದಿಂದ. ಮಾವನವರೂ ಜೀವನವಿಡೀ ಅದೇ ಗಾಳಿಯಲ್ಲಿದ್ದಾರೆ, ಎದ್ದು ಓಡಾಡುತ್ತಿದ್ದಾರೆ.

ನೀನೇ ಸಾಕ್ಷಿ, ಆ ಪುಡಿಯಲ್ಲಿ ಏನೂ ಇಲ್ಲ.

ಗುಂಡ


ಏಪ್ರಿಲ್ 29

ಗುಂಡ,

ನಿನ್ನಿಂದ ಪತ್ರವಿಲ್ಲ. ಮುನಿಸಿಕೊಂಡಿದ್ದೀಯ. ಆದರೆ ಮುಚ್ಚಿಟ್ಟದ್ದು ನನಗೂ ನುಂಗಲಾಗುತ್ತಿಲ್ಲ, ಹೇಳಿಬಿಡುತ್ತೇನೆ.

ಚುಕ್ಕೆ ಬಂದದ್ದು ಬೆರಿಲಿಯಂ ಗುಳಿಯಲ್ಲಿ. ಸ್ಪ್ರಿಂಗು ಎಂದ ತಕ್ಷಣ ನನಗೆ ಅದರ ಮೇಲೇ ಅನುಮಾನ ಇತ್ತು, ನಿನಗೆ ಹೇಳದೆ ಅದನ್ನೂ ಸಾಲಿಗೆ ಸೇರಿಸಿದೆ. ಅದು ಶ್ವಾಸಕೋಶಕ್ಕೆ ಇಳಿದರೆ ಕೆಲವರ ಟಿ ಕೋಶಗಳು ಹಗೆ ಕಟ್ಟುತ್ತವೆ. ಆಮೇಲೆ ಶ್ವಾಸಕೋಶದಲ್ಲಿ ಗಂಟುಗಂಟಾಗುತ್ತದೆ. ಎದೆಯ ಎಕ್ಸ್‌ರೇಯಲ್ಲಿ ನೋಡಿದರೆ ಕ್ಷಯದ ಹಾಗೇ ಕಾಣುವುದುಂಟು. ಈ ವಾಕ್ಯ ಬರೆಯುವಾಗ ಅಪ್ಪನ ನೆನಪಾಯಿತು.

ಆದರೆ ಎಡವಟ್ಟು ಇದು. ಪ್ರತಿ ತಟ್ಟೆಯಲ್ಲೂ ಒಂದು ಸಾಲು ಆರೋಗ್ಯವಂತರದ್ದು ಇರಬೇಕು. ರೋಗವಿಲ್ಲದ ಒಬ್ಬರ ಕೋಶಗಳಿಗೆ ಅದೇ ಶಂಕಿತರನ್ನೆಲ್ಲ ಬಿಡಬೇಕು. ಅಲ್ಲಿ ಚುಕ್ಕೆ ಬರಬಾರದು. ಬಂದರೆ, ಹಾಕಿದ ದ್ರಾವಣವೇ ಕೆಟ್ಟಿದೆ, ಅದು ಸಿಕ್ಕಸಿಕ್ಕ ಕೋಶಗಳನ್ನೆಲ್ಲ ಕೆಣಕುತ್ತಿದೆ ಎಂದು ಅರ್ಥ. ಆಗ ರೋಗಿಯ ಚುಕ್ಕೆಗೂ ಬೆಲೆಯಿಲ್ಲ. ನಮ್ಮಲ್ಲಿ ಆ ಸಾಲಿನ ರಕ್ತ ಯಾವಾಗಲೂ ನನ್ನದು. ಲ್ಯಾಬಿಗೆ ಸೇರಿದಾಗಿನಿಂದ ಹಾಗೇ ನಡೆದುಬಂದಿದೆ. ಹೊರಗಿನವರನ್ನು ಕರೆದು ಸೂಜಿ ಚುಚ್ಚುವುದಕ್ಕಿಂತ ನನ್ನ ಎಡಗೈ ಸುಲಭ. ಎಷ್ಟೋ ವೈರಸ್ಸುಗಳ ಪರೀಕ್ಷೆಗೆ ನಾನೇ ಆರೋಗ್ಯವಂತೆ. ಆ ಸಾಲು ಒಮ್ಮೆಯೂ ಕೈಕೊಟ್ಟಿಲ್ಲ.

ಈ ಸಲ ಬೆರಿಲಿಯಂ ಗುಳಿಯಲ್ಲಿ ನನ್ನ ಸಾಲಿನಲ್ಲೂ ಚುಕ್ಕೆ ಬಂತು. ಪ್ರಮಾಣ ಇಳಿಸಿ ಮತ್ತೆ ಮಾಡಿದೆ. ಮತ್ತೆ ಬಂತು. ಹೊಸ ಸೀಸೆ ತರಿಸಿದೆ. ಅದರಲ್ಲೂ ಬಂತು.

ಅಂದರೆ ಯಾರದೋ ಕೈ ತಪ್ಪುತ್ತಿದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರಿದ್ದಾರೆ, ಮುಳ್ಳು ತಿರುಗಿದಂತೆ ನಡೆಯುವವರಾದ್ದರಿಂದ ನಾವು ಗಡಿಯಾರ ಎನ್ನುತ್ತೇವೆ. ದ್ರಾವಣ ಬೆರೆಸುವುದು ಅವರ ಕೆಲಸ. ಹನಿ ಹಾಕುವ ಕೊಳವೆಯ ಒಂದೇ ತುದಿಯಿಂದ ಎರಡು ಸಾಲಿಗೂ ಹಾಕಿ ನಿನ್ನ ಕೋಶ ನನ್ನ ಗುಳಿಗೆ ದಾಟಿಸಿದ್ದಾರೆ ಎಂದು ನನ್ನ ಗುಮಾನಿ. ಮುಖಕ್ಕೇ ಹೇಳಿದೆ. ಅವರು ಕೂಗಾಡಲಿಲ್ಲ. "ಮೇಡಂ, ಒಂದ್ಸಲ ಆರೋಗ್ಯವಂತರ ಸಾಲಿಗೆ ನನ್ ರಕ್ತ ಹಾಕಿ ನೋಡೋಣ್ವಾ?" ಎಂದರು. ಮೈ ಉರಿದುಹೋಯಿತು. ತಪ್ಪು ತಮ್ಮದು, ಬದಲಾಯಿಸಬೇಕಾದದ್ದು ನನ್ನ ರಕ್ತವಂತೆ! ಮುಖ್ಯಸ್ಥರಿಗೆ ದೂರು ಕೊಡುತ್ತೇನೆ.

ಅಲ್ಲಿಯವರೆಗೂ ವರ್ಕ್‌ಶಾಪಿಗೆ ಕಾಲಿಡಬೇಡ. ಬೇಡಿಕೊಳ್ಳುತ್ತೇನೆ.

ಅಕ್ಕ


ಮೇ 6

ಅಕ್ಕಾ,

ನಿನ್ನ ಪತ್ರ ಓದಿ ನಿಜ ಹೇಳಬೇಕೆಂದರೆ ಹಗುರಾಯಿತು. ನಿನ್ನ ಬಾಯಿಂದಲೇ ಬಂತಲ್ಲ: ಆರೋಗ್ಯವಂತರಿಗೂ ಚುಕ್ಕೆ ಬಂದರೆ ಪರೀಕ್ಷೆಗೆ ಬೆಲೆಯಿಲ್ಲ. ಅಲ್ಲಿಗೆ ಮುಗಿಯಿತು. ಕೆಮ್ಮಿಗೆ ಬೇರೆ ಡಾಕ್ಟರನ್ನು ನೋಡುತ್ತೇನೆ.

ಮಾವನವರಿಗೂ ಹೇಳಿದೆ. ಅವರು ಎದ್ದು ಒಳಗೆ ಹೋಗಿ ರೇಡಿಯೋ ದೊಡ್ಡದು ಮಾಡಿದರು. ನೀನು ಅದರಲ್ಲೂ ಏನಾದರೂ ಹುಡುಕುತ್ತೀಯ ಎಂದು ಗೊತ್ತು.

ಈ ತಿಂಗಳ ಕೊನೆಗೆ ಕೆಲಸಕ್ಕೆ ಹಿಂತಿರುಗುತ್ತೇನೆ. ಆ ಗಡಿಯಾರದವರ ಮೇಲೆ ದೂರು ಕೊಡುವ ಮುಂಚೆ ಒಂದು ಸಲ ಯೋಚಿಸು. ನಿನ್ನ ಅನುಮಾನದ ಸರದಿ ಇವತ್ತು ಅವರದ್ದು, ನಿನ್ನೆ ನನ್ನ ಹೆಂಡತಿಯದ್ದು.

ಗುಂಡ


ಮೇ 13

ಗುಂಡ,

ಫೋನ್ ಕೈಗೆತ್ತಿಕೊಂಡು ಇಟ್ಟೆ. ಫೋನಿನಲ್ಲಿ ನೀನು ಜಗಳಕ್ಕೆ ನಿಲ್ಲುತ್ತೀಯ, ನನಗೆ ಮಾತು ಮುಗಿಸಲಾಗುವುದಿಲ್ಲ. ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ಕೂತುಕೊಂಡು ಓದು.

ನಿನ್ನ ಏಪ್ರಿಲ್ ಕೊನೆಯ ಪತ್ರ ನಾನು ನನ್ನದನ್ನು ಅಂಚೆಗೆ ಹಾಕಿದ ಮೇಲೆ ಬಂತು. ಚಿನ್ನದ ಪುಡಿಯ ಸಾಲು ಓದಿ ಮೊದಲು ನಕ್ಕೆ. ಆ ಮೆಟ್ಟಿಲು, ಬಿಸಿಲು, ನಿನ್ನ ಬೋಳುತಲೆ ಎಲ್ಲ ಕಣ್ಣಿಗೆ ಕಟ್ಟಿತು. ಆಮೇಲೆ "ನೀನೇ ಸಾಕ್ಷಿ" ಎನ್ನುವ ಮಾತಿಗೆ ಬಂದೆ.

ಗಡಿಯಾರದವರ ಹತ್ತಿರ ಹೋಗಿ, "ನಿಮ್ಮ ರಕ್ತ ಕೊಡಿ" ಎಂದೆ. ಅವರು ಅಂಗಿಯ ತೋಳು ಮಡಚಿದರು. ಒಂದೇ ತಟ್ಟೆಯಲ್ಲಿ ಮೂರು ಸಾಲು ಹಾಕಿದೆ: ನಿನ್ನದು, ನನ್ನದು, ಅವರದು. ಪ್ರತಿ ಸಾಲಿಗೂ ಹೊಸ ತುದಿ. ಪ್ರತಿ ಹನಿಯನ್ನೂ ನಾನೇ ಹಾಕಿದೆ, ಅವರು ಕೈಕಟ್ಟಿ ನಿಂತು ನೋಡಿದರು. ಬಣ್ಣ ಹಾಕಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿದೆ.

ಅವರ ಬೆರಿಲಿಯಂ ಗುಳಿ ಬೆಳ್ಳಗೆ, ತೊಳೆದ ಹಲ್ಲಿನ ಹಾಗೆ. ದ್ರಾವಣ ಕೆಟ್ಟಿಲ್ಲ, ಯಾರ ಕೈಯೂ ತಪ್ಪಿಲ್ಲ. ನಿನ್ನದರಲ್ಲಿ ಚುಕ್ಕೆ. ನನ್ನದರಲ್ಲೂ ಚುಕ್ಕೆ, ನಿನ್ನಷ್ಟೇ.

ಸೀಸೆಯನ್ನು ಅನುಮಾನಿಸಿದೆ. ಗಡಿಯಾರದವರನ್ನು, ನಿನ್ನ ಮಾವನನ್ನು, ಐಸು ತಂದ ಆ ಬಡಪಾಯಿ ಹೆಣ್ಣುಮಗಳನ್ನೂ ಬಿಡಲಿಲ್ಲ. ನನ್ನ ಎಡಗೈಯನ್ನು ಮಾತ್ರ ಅನುಮಾನಿಸಲಿಲ್ಲ. ಆರೋಗ್ಯವಂತರು ಯಾರು ಎಂದು ಯಾರಾದರೂ ಕೇಳಿದರೆ ಯೋಚಿಸದೆ ತೋಳು ಮುಂದೆ ಮಾಡುತ್ತಿದ್ದವಳು ನಾನು. ನನ್ನ ಕೋಶಗಳು ಆ ಪುಡಿಯನ್ನು ಹಿತ್ತಲ ಮೆಟ್ಟಿಲ ಮೇಲೆ ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ನಮ್ಮಲ್ಲಿ ಬೇರೆ ಯಾರ ತಟ್ಟೆಗೂ ಈ ಲೋಹ ಹಾಕಿರಲಿಲ್ಲವಾದ್ದರಿಂದ ಇಷ್ಟು ವರ್ಷ ಅದು ಗೊತ್ತಾಗಲೇ ಇಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ. ಕೆಲವರು ಹುಟ್ಟುವಾಗಲೇ ಇದಕ್ಕೆ ಬೇಗ ಹಗೆ ಕಟ್ಟುವ ಗುಣ ತಂದಿರುತ್ತಾರೆ, ಅದು ಮನೆತನದಲ್ಲಿ ಹರಿಯುತ್ತದೆ. ನಮಗಿಬ್ಬರಿಗೂ ಬಂದಿದೆ ಎಂದರೆ ಅಪ್ಪನಿಗೂ ಇದ್ದಿರಬಹುದು. ಅಪ್ಪನದು ಕ್ಷಯ ಆಗಿತ್ತೋ ಇಲ್ಲವೋ ಈಗ ಹೇಳಲು ಯಾರ ಕೈಲೂ ಆಗುವುದಿಲ್ಲ. ಔಷಧಿ ಅಷ್ಟು ತಿಂದರೂ ಒಂದು ದಿನವೂ ಇಳಿಯಲಿಲ್ಲ, ನಿನಗೂ ನೆನಪಿರಬೇಕು.

ನೀನು ನನ್ನ ಮಾತು ನಂಬಬೇಡ. ಮಾವನ ಮೇಲಿನ ಸಿಟ್ಟಿಗೆ ಹೇಳುತ್ತಿದ್ದೇನೆ ಎಂದುಕೊಂಡರೂ ಸರಿ. ಆದರೆ ನನ್ನ ರಕ್ತಕ್ಕೆ ನಿನ್ನ ಮಾವನ ಮೇಲೆ ಯಾವ ಸಿಟ್ಟೂ ಇಲ್ಲ. ಕೆಲಸಕ್ಕೆ ಹೋಗಬೇಡ. ಇನ್ನೊಂದು ದಿನವೂ ಆ ಗಾಳಿ ಕುಡಿಯಬೇಡ.

ಇನ್ನೊಂದು ಕೇಳಬೇಕು, ಕೇಳಲು ಭಯವಾಗುತ್ತಿದೆ. ಈಗ ನಿನ್ನ ಅಂಗಿ ಕೊಡವುವುದು ಯಾರು?

ಅಕ್ಕ

ನಾನು ಚೆನ್ನಾಗಿದ್ದೇನೆ. ರಕ್ತದಲ್ಲಿ ಗುರುತು ಇದ್ದ ಮಾತ್ರಕ್ಕೆ ರೋಗ ಇದೆ ಎಂದಲ್ಲ.


ಮೇ 24

ಅಕ್ಕಾ,

ಪುಟ್ಟಿ.

ನಾನು ಕೆಲಸದಿಂದ ಬಂದ ಕೂಡಲೇ ಓಡಿಬಂದು ಜೇಬು ತಡಕುವವಳು ಅವಳೇ. ಅಂಗಿಯನ್ನು ತಾರಸಿಗೆ ಒಯ್ದು ಕೊಡವುತ್ತಾಳೆ. ಹೊಳೆಯುವ ಪುಡಿಯನ್ನು ಪೌಡರ್ ಡಬ್ಬಿಯಲ್ಲಿ ಕೂಡಿಟ್ಟು ಗೊಂಬೆಯ ಮುಖಕ್ಕೆ ಹಚ್ಚುತ್ತಾಳೆ. ಅದನ್ನು ಕಲಿಸಿದ್ದು ನಾನು. "ನಮ್ಮಕ್ಕ ಹೀಗೇ ಮಾಡ್ತಿದ್ಲು" ಎಂದು.

ನಿನ್ನ ಪತ್ರ ಓದಿ ಕೆಳಗೆ ಹೋದೆ. ಮಾವನವರ ಮುಂದೆ ಇಟ್ಟೆ. ಓದಿ ಕನ್ನಡಕ ತೆಗೆದರು. ನಿನ್ನ ಲೆಕ್ಕದಲ್ಲಿ ಅವರು ಎಲ್ಲ ತಿಳಿದೂ ಮುಚ್ಚಿಟ್ಟವರು. ನನಗೂ ಆ ಗಳಿಗೆಯಲ್ಲಿ ಹಾಗೇ ಅನ್ನಿಸಿತು. ಕೂಗಿಬಿಟ್ಟೆ: "ಗೊತ್ತಿತ್ತಾ ನಿಮಗೆ? ಮೊಮ್ಮಗಳು ಪುಡಿಯಲ್ಲಿ ಆಡೋದು ನೋಡ್ತಾ ಕೂತಿದ್ರಾ?"

"ಗೊತ್ತಿದ್ರೆ ನಾನ್ಯಾಕಪ್ಪ ಬಾಯಿಗೆ ಬಟ್ಟೆ ಅಡ್ಡ ಇಟ್ಕೊಂಡು ಕೆಮ್ಮಲಿ?" ಎಂದರು. ಕೆಳಗಿನ ಮನೆಯ ಹಿಂದಿನ ಕೋಣೆಯಲ್ಲಿ ಮಲಗುವುದು, ರೇಡಿಯೋ ದೊಡ್ಡದಾಗಿ ಹಾಕುವುದು, ಎಲ್ಲ ಅದಕ್ಕಂತೆ. ವರ್ಷಗಳಿಂದ. ನಮ್ಮಪ್ಪನ ಕ್ಷಯ ತನಗೂ ಅಂಟಿದೆ ಎಂದು ಹೆದರಿ, ಮನೆಯವರು ದೂರ ಇಟ್ಟಾರು ಎಂದು ಯಾರಿಗೂ ಬಾಯಿ ಬಿಡಲಿಲ್ಲವಂತೆ. ನನಗೆ ಕೆಮ್ಮು ಬಂದಾಗ ತನ್ನಿಂದಲೇ ಅಂಟಿತು ಎಂದುಕೊಂಡು ಡಾಕ್ಟರಲ್ಲಿಗೆ ಓಡಿದರು. ಡಾಕ್ಟರು ಪಾರಿವಾಳ ಎಂದಾಗ ಸದ್ಯ ಬದುಕಿದೆ ಎಂದುಕೊಂಡರಂತೆ. ಇಷ್ಟು ಹೇಳಿ ಅಂಗಿಯ ತೋಳು ಮಡಚಿದರು. "ನಿಮ್ಮಕ್ಕನಿಗೆ ನಂದೂ ಕಳ್ಸು. ನನ್ ಮೇಲೆ ಅನುಮಾನ ಇದೆಯಲ್ಲ, ತೀರಿಸ್ಕೊಳ್ಳಲಿ."

ಉಜ್ಜುವ ಕೋಣೆಗೆ ಬೀಗ ಬಿದ್ದಿದೆ. ಕೆಲಸದವರಿಗೆಲ್ಲ ಪರೀಕ್ಷೆ ಆಗಲಿ, ಗಾಳಿ ಎಳೆಯುವ ಯಂತ್ರ ಬರಲಿ, ಅಲ್ಲಿಯವರೆಗೆ ತೆರೆಯುವುದಿಲ್ಲ ಎಂದಿದ್ದಾರೆ. ಪುಟ್ಟಿಯ ಪೌಡರ್ ಡಬ್ಬಿಯನ್ನು ನನ್ನ ಹೆಂಡತಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದಾಳೆ. ಗೊಂಬೆಯನ್ನೂ. ಪುಟ್ಟಿ ಇನ್ನೂ ಅಳುತ್ತಿದ್ದಾಳೆ.

ಡಬ್ಬಿಯಲ್ಲಿ ಮಾವನವರು, ನನ್ನ ಹೆಂಡತಿ, ಪುಟ್ಟಿ, ಮೂವರ ಟ್ಯೂಬುಗಳಿವೆ. ಸಣ್ಣದು ಪುಟ್ಟಿಯದು. ಐಸು ಹಾಕಿಲ್ಲ, ನನ್ನ ಹೆಂಡತಿ ದಾರಿಯುದ್ದಕ್ಕೂ ಕೊರಿಯರ್ ಅಂಗಡಿಯವರೆಗೆ ಸೆರಗಿನಲ್ಲಿ ಹಿಡಿದು ಬಂದಳು. ಬೇಗ ನೋಡು. ನನಗೆ ಅನ್ನ ಇಳಿಯುತ್ತಿಲ್ಲ.

ಗುಂಡ


ಜೂನ್ 3

ಗುಂಡ,

ಮೊದಲು ಇದನ್ನು ಓದು: ಪುಟ್ಟಿಯ ಗುಳಿಗಳು ಬೆಳ್ಳಗಿವೆ. ಪ್ರತಿಯೊಂದೂ. ನಾನು ನೋಡಿದೆ, ಗಡಿಯಾರದವರು ನೋಡಿದರು, ನಮ್ಮಿಬ್ಬರನ್ನೂ ನಂಬದೆ ಮುಖ್ಯಸ್ಥರನ್ನು ಎಳೆದುಕೊಂಡು ಬಂದು ತೋರಿಸಿದೆ. ಮೇಜಿಗೆ ತಲೆಯಿಟ್ಟು ಅತ್ತೆ. ಏನೂ ಕಾಣದ ತಟ್ಟೆ ನೋಡಿ ಅತ್ತವಳು ಈ ಲ್ಯಾಬಿನಲ್ಲಿ ನಾನೊಬ್ಬಳೇ ಇರಬೇಕು.

ಆರೋಗ್ಯವಂತರ ಸಾಲು ಗಡಿಯಾರದವರದು. ಇನ್ನು ಮುಂದೆಯೂ ಅವರದೇ.

ಆದರೂ ವರ್ಷಕ್ಕೊಮ್ಮೆ ಅವಳ ರಕ್ತ ನೋಡುತ್ತಲೇ ಇರಬೇಕು, ಈ ಹಗೆ ತಡವಾಗಿಯೂ ಹುಟ್ಟುತ್ತದೆ. ನಿನ್ನ ಹೆಂಡತಿಯದೂ ಬೆಳ್ಳಗಿದೆ. ನಿನ್ನ ಮಾವನವರದರಲ್ಲಿ ಚುಕ್ಕೆ ಇದೆ. ಅವರಿಗೆ ಬೇರೆ ಪತ್ರ ಬರೆದಿದ್ದೇನೆ. ಅದರಲ್ಲಿ ಏನಿದೆ ಎಂದು ಕೇಳಬೇಡ. ಕ್ಷಮೆ ಕೇಳುವುದು ನನಗೆ ಅಭ್ಯಾಸವಿಲ್ಲ, ಎರಡು ಪುಟ ಹಿಡಿಯಿತು. ನಿನಗೂ ಮಾವನವರಿಗೂ ಯಾವ ಡಾಕ್ಟರು, ಯಾವ ಔಷಧಿ ಎಂದು ಜೊತೆಗಿಟ್ಟ ಕಾಗದದಲ್ಲಿದೆ. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಹಿಡಿದು ನಿಲ್ಲಿಸಬಹುದು. ನಿನ್ನದು ಬೇಗ ಗೊತ್ತಾಗಿದೆ.

ಪಾರಿವಾಳಗಳ ಮೇಲೆ ಯಾವ ಆರೋಪವೂ ಉಳಿದಿಲ್ಲ. ಆದರೂ ಡಾಕ್ಟರನ್ನು ಒಂದು ಮಾತು ಕೇಳಿ, ಹಕ್ಕಿ ಒಯ್ದವನನ್ನು ಹುಡುಕಿ ಅವನ್ನು ವಾಪಸ್ ತನ್ನಿ.

ಲಿಫ್ಟ್ ರಿಪೇರಿಯಾಯಿತು. ನಾನು ಚೆನ್ನಾಗಿದ್ದೇನೆ.

ಅಕ್ಕ


ಜೂನ್ 11

ಅಕ್ಕಾ,

ಹಕ್ಕಿಗಳು ಬಂದವು. ಎಲ್ಲವೂ ಅಲ್ಲ, ಕೆಲವನ್ನು ಅವನು ಮಾರಿಬಿಟ್ಟಿದ್ದ. ಗೂಡನ್ನು ತಾರಸಿಯ ತುದಿಗೆ ಸರಿಸಿದ್ದೇವೆ, ನನ್ನನ್ನು ಹತ್ತಿರ ಬಿಡುವುದಿಲ್ಲ. ನನ್ನ ಹೆಂಡತಿ ಒಂದೊಂದರ ಹತ್ತಿರವೂ ಏನೋ ಪಿಸುಗುಟ್ಟಿದಳು. "ಏನಂದೆ?" ಎಂದರೆ "ನಿಂದೇನೂ ತಪ್ಪಿಲ್ಲ, ಅತ್ತಿಗೆ ಬರ್ದಿದಾರೆ ಅಂದೆ" ಎಂದಳು. ಮಾವನವರು ನಿನ್ನ ಎರಡು ಪುಟವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ, ಯಾರಿಗೂ ತೋರಿಸುವುದಿಲ್ಲ. ಈಗ ರೇಡಿಯೋ ಇಲ್ಲದೆ ಕೆಮ್ಮುತ್ತಾರೆ.

ಈಗ ನನ್ನ ಸರದಿ.

ನೀನು ಎರಡು ಪತ್ರದಲ್ಲಿ "ನಾನು ಚೆನ್ನಾಗಿದ್ದೇನೆ" ಎಂದು ಬರೆದಿದ್ದೀಯ. ಎರಡು ಸಲವೂ ಕೊನೆಯಲ್ಲಿ, ಕೇಳದೆ. ನಿನ್ನನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ, ಕೇಳದೆ ನೀನು ಒಳ್ಳೆಯ ಸುದ್ದಿ ಹೇಳಿದವಳೇ ಅಲ್ಲ. ಮಾರ್ಚ್ ತಿಂಗಳ ಪತ್ರ ತೆಗೆದು ನೋಡಿದೆ. ಮೂರು ಮಹಡಿ ಹತ್ತಲು ನಡುವೆ ಕೂರುತ್ತಿದ್ದೆ ಎಂದು ನೀನೇ ಬರೆದಿದ್ದೀಯ. ವಯಸ್ಸಂತೆ. ನಲವತ್ತಾರಕ್ಕೆ.

ಫೋನಿನಲ್ಲಿ ನಾನು ಕೆಮ್ಮಿದಾಗ ನೀನು ಕೆಮ್ಮಿದೆಯಲ್ಲ, ಅದು ಅಣಕಿಸಿದ್ದಲ್ಲ, ಅಲ್ಲವಾ?

ನಿನ್ನ ಮಾತು ಬೇಡ. ಎದೆಯ ಎಕ್ಸ್‌ರೇ ಕಳಿಸು.

ಗುಂಡ